ಕುರುಂದದ ಕಲ್ಲು ಸಿಕ್ಕ ಹೊಲ

ನಮ್ಮ ಪಕ್ಕದ ಮನೆಗೆ ಅವರು ಬಾಡಿಗೆಗೆ ಬಂದ ದಿನ ಸಾಮಾನಿನ ಗಾಡಿಯಿಂದ ಮೊದಲು ಇಳಿದದ್ದು ಕಲ್ಲುಗಳು. ಒಂದೊಂದನ್ನೂ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ಕಟ್ಟಿದ್ದರು. ಇವನ್ನೆಲ್ಲ ಎಲ್ಲಿ ಸುರಿಯಲಿ ಎಂದು ಸಾಮಾನು ಇಳಿಸುವಾತ ಕೇಳಿದಾಗ, ಸುರಿಯಬೇಡಪ್ಪ, ಒಂದೊಂದಾಗಿ ನನ್ನ ಕೈಗೆ ಕೊಡು ಎಂದರು. ಆತ ಕೊಟ್ಟ ಹಾಗೆ ಗಂಟಿನ ಮೇಲೆ ಬೆರಳಾಡಿಸಿ, ತೂಕ ನೋಡಿ, ಇದು ಒಳಕೋಣೆಗೆ, ಇದು ಜಗುಲಿಗೆ ಎಂದು ಹೇಳುತ್ತಿದ್ದರು. ಗಂಟು ಬಿಚ್ಚಿ ನೋಡದೆ ಅವರಿಗೆ ಹೇಗೆ ಗೊತ್ತಾಗುತ್ತಿದೆ ಎಂದು ನಾನು ಕಾಂಪೌಂಡಿನ ಈಚೆ ನಿಂತು ಬೆರಗಾಗಿದ್ದೆ. ಅವರ ಕಣ್ಣು ಹೋಗುತ್ತಿದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಅವರು ಯಳಂದೂರಿನ ಕಡೆಯ ಹೆಣ್ಣುಮಗಳು. ಭೂವಿಜ್ಞಾನ ಓದಿ, ಸರ್ಕಾರಿ ಇಲಾಖೆಯೊಂದರಲ್ಲಿ ಇಡೀ ರಾಜ್ಯದ ಬಂಡೆಗಳನ್ನು ಸುತ್ತಿ, ನಿವೃತ್ತರಾಗಿ ಕೊಳ್ಳೇಗಾಲಕ್ಕೆ ಬಂದಿದ್ದರು. ಮದುವೆಯಾಗಿರಲಿಲ್ಲ. ಕಣ್ಣಿನ ನರ ಒಣಗುವ ಕಾಯಿಲೆ. ಎದುರಿಗಿದ್ದದ್ದು ಒಂದು ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ, ಆ ಕೊಳವೆಯೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ ಎಂದು ಅವರೇ ಹೇಳಿದರು. ಹೇಳುವಾಗ ದನಿಯಲ್ಲಿ ಅಳುಕಿರಲಿಲ್ಲ, ಹವಾಮಾನದ ಸುದ್ದಿ ಹೇಳಿದ ಹಾಗಿತ್ತು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ಆಗಷ್ಟೇ ನಿವೃತ್ತಳಾಗಿದ್ದೆ. ಮೊದಮೊದಲು ಅವರನ್ನು ಮೇಡಂ ಎಂದು ಕರೆದೆ. ಒಂದು ತಿಂಗಳಾಗುವ ಹೊತ್ತಿಗೆ ಅಕ್ಕ ಎನ್ನತೊಡಗಿದ್ದೆ.

ಒಂದು ಬೆಳಿಗ್ಗೆ ಅಕ್ಕ ಒಂದು ಕಟ್ಟು ಜೆರಾಕ್ಸ್ ಹಾಳೆಗಳನ್ನು ಹಿಡಿದು ನಮ್ಮ ಮನೆಗೆ ಬಂದರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಂಪನಿ ಸರ್ಕಾರದ ಡಾಕ್ಟರೊಬ್ಬ ನಮ್ಮ ಸೀಮೆಯಲ್ಲಿ ತಿರುಗಾಡಿ ಬರೆದಿಟ್ಟ ಟಿಪ್ಪಣಿಗಳವು. ಇಂಥ ಕಲ್ಲು ಇಲ್ಲಿದೆ, ಇಂಥ ಹರಳು ಅಲ್ಲಿದೆ, ಈ ಹಳ್ಳದ ಮರಳನ್ನು ಜನ ಕಾಯಿಸಿ ಕಬ್ಬಿಣ ತೆಗೆಯುತ್ತಾರೆ ಎಂಬಂಥ ವಿವರಗಳು. ಆ ಕಾಲದಲ್ಲಿ ಭೂವಿಜ್ಞಾನಿ ಎಂಬ ಸಂಬಳದ ಕೆಲಸವೇ ಇರಲಿಲ್ಲವಂತೆ. ಪಲ್ಟಣದ ಸೈನಿಕರ ಜ್ವರ ನೋಡಿಕೊಳ್ಳಲು ಬಂದ ಡಾಕ್ಟರುಗಳೇ ಗಿಡ, ಹಾವು, ಕಲ್ಲು ಎಲ್ಲವನ್ನೂ ಬರೆದುಕೊಂಡು ಹೋಗುತ್ತಿದ್ದರಂತೆ. ಅಕ್ಕನಿಗೆ ಆ ಸಣ್ಣ ಅಚ್ಚಿನ ಇಂಗ್ಲಿಷ್ ಓದಲು ಕಣ್ಣು ಸಾಲುತ್ತಿರಲಿಲ್ಲ. ನಾನು ಓದಬೇಕು, ಅವರು ಅರ್ಥ ಹೇಳುತ್ತಾರೆ, ನಾನದನ್ನು ಕನ್ನಡಕ್ಕೆ ತರಬೇಕು. ಇದು ಅವರ ಬೇಡಿಕೆ.

ಕನ್ನಡ ಯಾಕಕ್ಕ, ಇಂಥದ್ದನ್ನು ಓದುವವರಿಗೆ ಇಂಗ್ಲಿಷ್ ಬರುತ್ತದಲ್ಲ ಎಂದೆ.

"ಅವನು ಬರೆದದ್ದು ಈ ಊರುಗಳ ವಿಷಯ ಕಣಮ್ಮ. ಇಷ್ಟು ಕಾಲವಾದರೂ ಈ ಊರಿನವರು ಒಬ್ಬರೂ ಅದನ್ನ ಓದಿಲ್ಲ" ಎಂದರು.

ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಮೊದಲ ಕೆಲವು ದಿನ ಆ ಡಾಕ್ಟರನ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ. ಯಾರದೋ ನೆಲಕ್ಕೆ ಬಂದು ಅಲ್ಲಿ ಏನೇನು ಸಿಗುತ್ತದೆ ಎಂದು ಪಟ್ಟಿ ಮಾಡುವವನನ್ನು ಮೆಚ್ಚುವುದಾದರೂ ಹೇಗೆ? ಅಕ್ಕ ಅದನ್ನು ಅಲ್ಲಗಳೆಯಲಿಲ್ಲ. ಕಂಪನಿ ಅವನನ್ನು ಸುಮ್ಮನೆ ಸಾಕಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಆದರೆ ಓದುತ್ತ ಹೋದ ಹಾಗೆ ಆ ಮನುಷ್ಯನ ಒಂದು ಗುಣ ನನ್ನನ್ನು ಹಿಡಿದುಕೊಂಡಿತು. ಅವನು ಕಣ್ಣಾರೆ ಕಂಡದ್ದನ್ನು ಒಂದು ರೀತಿ ಬರೆಯುತ್ತಿದ್ದ, ಬರಿದೆ ಕೇಳಿದ್ದನ್ನು ಇನ್ನೊಂದು ರೀತಿ. ತಿಳಿಯದ ಕಲ್ಲು ಎದುರಾದರೆ ತಿಳಿಯದು ಎಂದೇ ಬರೆದು, ಅದರ ಬಣ್ಣ, ತೂಕ, ಒಡೆದ ಅಂಚು ಹೇಗಿತ್ತು ಎಂಬುದನ್ನೆಲ್ಲ ಇಟ್ಟು ಹೋಗುತ್ತಿದ್ದ, ಮುಂದೆ ಬರುವವರು ಯಾರಾದರೂ ಹೇಳಲಿ ಎನ್ನುವಂತೆ. ಅವನ ಹತ್ತಿರ ಇದ್ದದ್ದು ಒಂದು ಸುತ್ತಿಗೆ, ಒಂದು ಭೂತಗನ್ನಡಿ, ಒಂದು ಸೀಸೆ ಆಸಿಡ್, ಮತ್ತೆ ಅವನ ನಾಲಿಗೆ. ಮಣ್ಣನ್ನು, ಕಲ್ಲಿನ ಪುಡಿಯನ್ನು ನೆಕ್ಕಿ ನೋಡಿ ಉಪ್ಪೋ ಒಗರೋ ಎಂದು ಬರೆದಿದ್ದ. ಕಾಡಿನ ಜ್ವರ ಬಂದು ಡೇರೆಯಲ್ಲಿ ಮಲಗಿದ್ದಾಗಲೂ, ಡೇರೆಯ ಗೂಟ ಹೊಡೆಯುವಾಗ ಎದ್ದ ಮಣ್ಣಿನಲ್ಲಿ ಕಾಗೆಬಂಗಾರದ ಹೊಳಪಿತ್ತೆಂದು ಬರೆಯಲು ಮರೆತಿರಲಿಲ್ಲ. 

ಅವನ ಊರ ಹೆಸರುಗಳು ನನಗೆ ಒಳ್ಳೆಯ ಆಟವಾದವು. ಹಳ್ಳಿಯನ್ನು ಉಲ್ಲಿ ಮಾಡಿದ್ದ, ಪಾಳ್ಯವನ್ನು ಪಲ್ಲಿಯಂ ಮಾಡಿದ್ದ. ಕಣ್ಣಲ್ಲಿ ಓದಿದರೆ ಏನೂ ತಿಳಿಯದು. ಅದನ್ನೇ ಜೋರಾಗಿ, ನಮ್ಮ ಕಡೆಯವರು ಹಕಾರ ನುಂಗಿ ಹೇಳುವ ಹಾಗೆ ಹೇಳಿದರೆ ತಟ್ಟನೆ ಊರು ಎದುರಿಗೆ ಬರುತ್ತಿತ್ತು. ಅವನು ಯಾರ ಬಾಯಿಂದ ಕೇಳಿದ್ದನೋ ಅವರ ಉಚ್ಚಾರಣೆ ಆ ತಪ್ಪು ಕಾಗುಣಿತದಲ್ಲಿ ಹಾಗೇ ಉಳಿದಿತ್ತು. ಅಕ್ಕನಿಗೆ ಬಂಡೆ ಗೊತ್ತಿತ್ತು, ನನಗೆ ಮಾತು ಗೊತ್ತಿತ್ತು. ಇಬ್ಬರೂ ಸೇರಿ ಅವನ ದಾರಿಯನ್ನು ಹೆಚ್ಚುಕಡಿಮೆ ಗುರುತಿಸಿದೆವು: ಯಳಂದೂರಿನಿಂದ ಕೊಳ್ಳೇಗಾಲ, ಅಲ್ಲಿಂದ ಹನೂರು, ಹನೂರಿನಿಂದ ಕಾಡಿನ ಅಂಚಿನ ಹಳ್ಳಿಗಳು.

ದಾರಿ ಗುರುತಾದ ಮೇಲೆ ಹೋಗದೆ ಇರಲು ಅಕ್ಕನಿಂದ ಆಗಲಿಲ್ಲ. ಇನ್ನೊಂದೆರಡು ವರ್ಷ ಕಳೆದರೆ ಇಷ್ಟೂ ಕಾಣುವುದಿಲ್ಲ, ಈಗಲೇ ಹೋಗಿಬಿಡೋಣ ಎಂದರು. ನಮ್ಮ ಬೀದಿಯವನೇ ಆದ ಒಬ್ಬ ಕಾರಿನ ಡ್ರೈವರನ್ನು ಗೊತ್ತುಮಾಡಿಕೊಂಡೆವು. ಹನೂರು ಕಡೆಯವನು, ನಡುವಯಸ್ಸಿನವನು, ಮಾತು ಕಡಿಮೆ. ಹೆಂಗಸರಿಬ್ಬರು ಕಲ್ಲು ನೋಡಲು ಹೊರಟಿದ್ದಾರೆ ಎಂಬುದು ಅವನಿಗೆ ಮೊದಲು ನಂಬಿಕೆಯಾಗಲಿಲ್ಲ. ಬೆಟ್ಟದ ದೇವರಿಗೆ ಹರಕೆ ಇರಬೇಕು, ಹೇಳಿಕೊಳ್ಳಲು ನಾಚಿಕೆ ಎಂದುಕೊಂಡಿದ್ದನಂತೆ.

ಮೊದಲ ದಿನ ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟದ ಎದುರಿಗೆ ಗದ್ದೆಯ ಬದುವಿನಲ್ಲಿ ನಿಂತೆವು. ದೂರದ ಬಂಡೆ ಅಕ್ಕನಿಗೆ ಕಾಣುತ್ತಿರಲಿಲ್ಲ. ಏನು ಕಾಣುತ್ತೆ ಹೇಳು ಎಂದರು. ಬಿಳಿ ಬಂಡೆ ಎಂದೆ. ಸರಿಯಾಗಿ ನೋಡು ಎಂದರು. ನಾನು ಹುಟ್ಟಿದಾಗಿನಿಂದ ಆ ಬೆಟ್ಟ ನೋಡಿದವಳು. ಬಿಳಿಗಿರಿ, ಶ್ವೇತಾದ್ರಿ ಎಂದು ಮಕ್ಕಳಿಗೆ ಸಮಾಸ ಬಿಡಿಸಿ ಹೇಳಿಕೊಟ್ಟವಳು. ಅಂದು ಮೊದಲ ಸಲ ಕಣ್ಣು ಕಿರಿದು ಮಾಡಿ ನಿಜವಾಗಿ ನೋಡಿದೆ. ಅಲ್ಲಿ ಬಿಳಿ ಎಂಬುದು ಎಲ್ಲೋ ಸ್ವಲ್ಪ. ಬೂದಿಯ ಬಣ್ಣ, ಹಳೆಯ ದಂತದ ಬಣ್ಣ, ಮಳೆನೀರು ಇಳಿದಲ್ಲೆಲ್ಲ ಉದ್ದಕ್ಕೆ ಕಪ್ಪು ಗೆರೆ. ಒಂದೊಂದಾಗಿ ಹೇಳಿದೆ. ಅಕ್ಕನ ಮುಖ ಅರಳಿತು. ಡಾಕ್ಟರೂ ಹೀಗೇ ಬರೆದಿದ್ದ. ದೂರಕ್ಕೆ ಬಿಳುಪು, ಹತ್ತಿರಕ್ಕೆ ಬೂದು, ಬಿದ್ದ ತುಂಡನ್ನು ಒಡೆದರೆ ಒಳಗೆ ಎಣ್ಣೆ ಸವರಿದಂಥ ಕಪ್ಪು ಹಸಿರು. ಬಿಸಿಲು ಮಳೆಗೆ ಮೈ ಬೆಳ್ಳಗಾಗಿದೆಯೇ ಹೊರತು ಈ ಬೆಟ್ಟ ಒಳಗೆ ಕರಿಯದು ಎಂದು ಅವನು ಊಹಿಸಿದ್ದ. ಅವನ ಊಹೆ ಸರಿ ಎಂದರು ಅಕ್ಕ. ಈಗ ಅದು ಹುಲಿಯ ಕಾಡು, ಅಲ್ಲಿ ಸುತ್ತಿಗೆ ಎತ್ತುವ ಹಾಗಿಲ್ಲ. ರಸ್ತೆಗೆಂದು ಹಿಂದೆ ಕಡಿದ ದಿಬ್ಬದ ಹತ್ತಿರ ಕಾರು ನಿಲ್ಲಿಸಿ, ಒಡೆದ ಮೈಯನ್ನು ಅಂಗೈಯಿಂದ ಸವರಿ, ಹಾಗೆಯೇ ವಾಪಸ್ಸು ಬಂದರು.

ಆಮೇಲೆ ಬಿಡುವಾದಾಗಲೆಲ್ಲ ಹೋದೆವು. ಹನೂರಿನ ಹತ್ತಿರದ ಒಂದು ಹಳ್ಳದಲ್ಲಿ ಅಕ್ಕ ದಾರಕ್ಕೆ ಅಯಸ್ಕಾಂತ ಕಟ್ಟಿ ಮರಳಿನಲ್ಲಿ ಎಳೆದರು. ಅದರ ಮೈಗೆ ಕರಿಯ ಮರಳು ಮೀಸೆ ಬಂದ ಹಾಗೆ ಅಂಟಿಕೊಂಡಿತು. ಡಾಕ್ಟರು ಕಂಡಿದ್ದ ಕಬ್ಬಿಣದ ಕುಲುಮೆಗಳು ಯಾರಿಗೂ ನೆನಪಿರಲಿಲ್ಲ, ಆದರೆ ಮರಳು ಅಲ್ಲೇ ಇತ್ತು. ಅಷ್ಟು ಹೊತ್ತು ಕಾರಿನಲ್ಲೇ ಕೂತಿದ್ದ ಡ್ರೈವರು ಅಂದು ಇಳಿದು ಬಂದು ತಾನೂ ಒಂದು ಸಲ ಎಳೆಯುತ್ತೇನೆಂದು ಅಯಸ್ಕಾಂತ ಕೇಳಿ ಪಡೆದ. ಅಂದಿನಿಂದ ಅವನೂ ನಮ್ಮ ಜೊತೆಗೇ ಹೊಲಗದ್ದೆ ತಿರುಗತೊಡಗಿದ.

ಉಳಿದದ್ದು ಒಂದೇ ಒಂದು ಟಿಪ್ಪಣಿ. ಅಕ್ಕ ಅದಕ್ಕಾಗಿಯೇ ಕಾಯುತ್ತಿದ್ದರು. ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಜನ ಮಣ್ಣಿನಿಂದ ಕುರುಂದದ ಕಲ್ಲು ಆಯ್ದು ಸಾಣೆ ಹಿಡಿಯುವವರಿಗೆ ಮಾರುತ್ತಾರೆ ಎಂದು ಡಾಕ್ಟರು ಬರೆದಿದ್ದ. ವಜ್ರವನ್ನು ಬಿಟ್ಟರೆ ಅದೇ ಬಲು ಗಟ್ಟಿಯಂತೆ. ಅದನ್ನು ಪುಡಿ ಮಾಡಿ ಅರಗಿನಲ್ಲಿ ಕಲಸಿ ಸಾಣೆಯ ಚಕ್ರ ಮಾಡುತ್ತಿದ್ದರಂತೆ. ಕೊರಂಡಮ್ ಎಂಬ ಅದರ ಇಂಗ್ಲಿಷ್ ಹೆಸರು ಕೂಡ ನಮ್ಮ ಕಡೆಯ ಮಾತಿನಿಂದಲೇ ಹೋದದ್ದು ಎಂದು ಅಕ್ಕ ಹೇಳಿದಾಗ ನನಗೆ ಹಿಗ್ಗಾಯಿತು. ಆದರೆ ಉಳಿದ ಕಡೆ ದಾರಿ, ಹಳ್ಳ, ಗುಡ್ಡ ಎಲ್ಲವನ್ನೂ ಬಿಡಿಸಿ ಹೇಳುವ ಡಾಕ್ಟರು ಇಲ್ಲಿ ಊರ ಹೆಸರನ್ನೇ ಬರೆದಿರಲಿಲ್ಲ. ಹನೂರಿನಿಂದ ಕಾಡಿನ ಕಡೆಗೆ ಎಂದಷ್ಟೇ ಇತ್ತು.

ಮೊದಲು ಲೊಕ್ಕನಹಳ್ಳಿಗೆ ಹೋದೆವು. ಅಲ್ಲಿ ಜೋಳ ಕಾಯುತ್ತಿದ್ದವರು ಆನೆ ಬಂದು ತುಳಿದುಹೋದ ಜಾಗ ತೋರಿಸಿದರು, ಕಲ್ಲಿನ ವಿಷಯ ಗೊತ್ತಿಲ್ಲ ಎಂದರು. ಇನ್ನೊಂದು ದಿನ ಮಾರ್ಟಳ್ಳಿಗೆ ಹೋದೆವು. ಅಲ್ಲಿನ ಅಂಗಡಿಯ ಮುದುಕ ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ತನ್ನ ತಾತ ಅಂಥ ಕಲ್ಲು ಹೊತ್ತು ಮಾರುತ್ತಿದ್ದನೆಂದು ಕೇಳಿದ್ದೇನೆ ಎಂದ. ಎಲ್ಲಿಂದ ಎಂದರೆ ಕೈ ಬೀಸಿ ಒಂದು ದಿಕ್ಕು ತೋರಿಸಿದ. ಆ ದಿಕ್ಕಿನಲ್ಲೇ ಊರಿಂದೂರಿಗೆ ಕೇಳುತ್ತ ಹೋಗಿ ಕೊನೆಗೆ ಒಂದು ಹಳ್ಳಿ ತಲುಪಿದೆವು. ಯಾವ ಹಳ್ಳಿ ಎಂದು ನಾನೂ ಇಲ್ಲಿ ಹೇಳುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ.

ಕಾಡಿಗೆ ಅಂಟಿಕೊಂಡ ಒಂದು ಹುರುಳಿ ಹೊಲ. ಉಳುವಾಗ ಸಿಕ್ಕ ಕಲ್ಲನ್ನೆಲ್ಲ ಆಯ್ದು ಬದುವಿನ ಮೂಲೆಗೆ ಗುಡ್ಡೆ ಹಾಕಿದ್ದರು. ಅಕ್ಕ ಆ ಗುಡ್ಡೆಯ ಮುಂದೆ ನೆಲದ ಮೇಲೇ ಕೂತು, ಒಂದೊಂದೇ ಕಲ್ಲನ್ನು ಎತ್ತಿ ತೂಗಿ ಪಕ್ಕಕ್ಕಿಡತೊಡಗಿದರು. ಬೆಣಚು, ಬೆಣಚು, ಕಾಗೆಬಂಗಾರ ಸೇರಿದ್ದು, ಮತ್ತೆ ಬೆಣಚು. ಕಣ್ಣು ಮುಚ್ಚಿಕೊಂಡಿದ್ದರು. ಅರೆಬರೆ ಕಾಣುವುದು ಕೈಯ ಗಮನ ಕೆಡಿಸುತ್ತದೆ ಎನ್ನುತ್ತಿದ್ದರು. ಬಿಸಿಲು ಏರಿತು. ಡ್ರೈವರು ನೀರು ತಂದ. ನಾನು ಹುಣಿಸೆಮರದ ನೆರಳಿಗೆ ಬಂದು ಕೂತೆ. ಸಾಕು ಬನ್ನಿ ಅಕ್ಕ ಎಂದು ಕರೆಯಬೇಕೆಂದಿದ್ದೆ, ಅಷ್ಟರಲ್ಲಿ ಅವರ ಕೈ ನಿಂತಿತು. ಎದ್ದು ಹತ್ತಿರ ಹೋದೆ.

ಕಲ್ಲು ಹೆಬ್ಬೆರಳಿನಷ್ಟು ದಪ್ಪ. ಮಾಸಲು ಕೆಂಪು, ನೋಡಿದರೆ ಏನೂ ಅಲ್ಲ. ಅಕ್ಕ ಅದನ್ನು ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳನ್ನು ಅದರ ಸುತ್ತ ತಾವೇ ಹಿಡಿದು ಆಡಿಸಿದರು. ಆರು ಮುಖ. ಮಧ್ಯೆ ಉಬ್ಬಿ ಎರಡು ತುದಿಗೂ ಸಣ್ಣಗಾದ, ಪುಟಾಣಿ ಮದ್ದಳೆಯಂಥ ಆಕಾರ. ಗಾತ್ರಕ್ಕೆ ಮೀರಿದ ಭಾರ. ಆಮೇಲೆ ಒಂದು ಬೆಣಚುಕಲ್ಲಿನ ಮೇಲೆ ಅದರ ತುದಿ ಒತ್ತಿ ಎಳೆದರು. ಬೆಣಚಿನ ಮೇಲೆ ಗೀರು ಬಿತ್ತು. ಅಕ್ಕ ಆ ಗೀರನ್ನು ಉಗುರಿನಿಂದ ಮುಟ್ಟಿ ನೋಡಿದರು. ಅವರ ಕೆನ್ನೆ ಒದ್ದೆಯಾಗಿತ್ತು. ಇನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಬಗ್ಗಿ ಎತ್ತಿಕೊಂಡಂಥದೇ ಕಲ್ಲನ್ನು ತಾನೂ ಎತ್ತಿಕೊಂಡಿದ್ದೇನೆ ಎಂಬುದೇ ಅವರಿಗೆ ಸಾಕಾಗಿತ್ತು.

ಅಷ್ಟರಲ್ಲಿ ಹೊಲದ ಒಡತಿ ಬಂದಳು. ಐವತ್ತರ ಆಚೆ ಈಚೆಯ, ಗಟ್ಟಿಮುಟ್ಟಾದ ಹೆಂಗಸು. ಸೊಂಟದಲ್ಲಿ ಕುಡುಗೋಲು, ತಲೆಯ ಮೇಲೆ ಹುಲ್ಲಿನ ಹೊರೆ. ಹೊರೆ ಇಳಿಸಿ ನಮ್ಮನ್ನು ನೋಡಿದಳು, ಗುಡ್ಡೆ ಕೆದರಿದ್ದನ್ನು ನೋಡಿದಳು, ಅಕ್ಕನ ಪಕ್ಕದಲ್ಲಿದ್ದ ಸುತ್ತಿಗೆ ನೋಡಿದಳು. ಯಾರು ಏನು ಎಂದು ಕೇಳಲಿಲ್ಲ.

"ನಂ ಒಲ್ದಲ್ಲಿ ಏನವ್ವ ಉಡುಕ್ತಿದ್ದರಿ?"

ನಾನು ಹೇಳಿದೆ, ಹಳೆಯ ಕಾಲದಲ್ಲಿ ಒಬ್ಬ ಡಾಕ್ಟರು ಬರೆದಿದ್ದ, ಆ ಕಲ್ಲು ಇದೆಯೋ ಇಲ್ಲವೋ ನೋಡಲು ಬಂದೆವು, ಬೇರೇನೂ ಇಲ್ಲ. ಅವಳು ಕೂತುಕೊಂಡಳು. ಅವಳ ತವರಿನ ಕಡೆ ನಡೆದದ್ದನ್ನು ನಿಧಾನವಾಗಿ ಹೇಳಿದಳು. ಅಲ್ಲಿ ಮೊದಲು ಯಾರೋ ಬಂದು ಕರಿಕಲ್ಲಿನ ಬಂಡೆ ನೋಡಿ ಬರೆದುಕೊಂಡು ಹೋದರಂತೆ. ಒಳ್ಳೆಯವರೇ, ಮಜ್ಜಿಗೆ ಕೊಟ್ಟರೆ ಕುಡಿದು ಹೋದರಂತೆ. ಒಂದೆರಡು ವರ್ಷದಲ್ಲಿ ಮಿಷನ್ನು ಬಂದವು. ಈಗ ಅವಳ ಅಣ್ಣಂದಿರ ಹೊಲ ಇದ್ದಲ್ಲಿ ನೀರು ತುಂಬಿದ ಹಳ್ಳ ಇದೆಯಂತೆ, ಹೊಲಕ್ಕೆ ಬದಲಿಗೆ ಸಿಕ್ಕ ದುಡ್ಡು ಎತ್ತ ಹೋಯಿತೋ ತಿಳಿಯದಂತೆ.

"ನೀವು ಕೆಟ್ಟೋರು ಅಂತ ನಾ ಏಳದಿಲ್ಲ" ಎಂದಳು ಅಕ್ಕನ ಕಡೆ ತಿರುಗಿ. "ನೀವು ಬರ್ಕಂಡು ಓಯ್ತಿರಿ. ಅದ ಓದ್ಕಂಡು ಬತ್ತರಲ್ಲ, ಅವರ ಯಾರವ್ವ ತಡೆಯೋರು?"

 ಅಕ್ಕ ಇಲಾಖೆಯಲ್ಲಿದ್ದಾಗ ಬರೆದ ಎಷ್ಟೋ ವರದಿಗಳ ಮೇಲೆ ಎಷ್ಟೋ ಗಣಿಗಳು ಎದ್ದಿವೆ. ಅದು ಅವರ ಕೆಲಸವಾಗಿತ್ತು, ಅದಕ್ಕಾಗಿ ಅವರು ನಾಚಿದವರಲ್ಲ. ಕಲ್ಲಿಲ್ಲದೆ ಯಾರ ಮನೆಯೂ ಏಳುವುದಿಲ್ಲ ಎಂದು ನನಗೇ ಒಮ್ಮೆ ಹೇಳಿದ್ದರು. ಆದರೆ ಅಂದು ಆ ಹುರುಳಿ ಹೊಲದಲ್ಲಿ ಅವರು ಯೋಚಿಸುತ್ತ ಕೂತ ರೀತಿ ನನಗೆ ಚೆನ್ನಾಗಿ ನೆನಪಿದೆ. ಕಲ್ಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಕೊನೆಗೆ ಅದನ್ನು ಆ ಹೆಂಗಸಿನ ಕೈಗೆ ಕೊಟ್ಟರು.

"ಊರ ಹೆಸರು ಬರೆಯೋದಿಲ್ಲ ಕಣವ್ವ. ಎಲ್ಲೂ ಬರೆಯೋದಿಲ್ಲ."

ಆ ಹೆಂಗಸು ಅವರ ಮುಖವನ್ನೇ ನೋಡಿದಳು. ಅಕ್ಕನ ದೃಷ್ಟಿ ತನ್ನ ಮುಖದಿಂದ ಸ್ವಲ್ಪ ಓರೆಯಾಗಿ ನೆಟ್ಟಿರುವುದು ಅವಳಿಗೆ ಆಗ ಗೊತ್ತಾಗಿರಬೇಕು. ಕಣ್ ಕಾಣದಿಲ್ವ ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿದೆ. ಅವಳು ಎದ್ದು ಅಕ್ಕನ ತೋಳು ಹಿಡಿದು, ಉತ್ತ ಸಾಲುಗಳ ಮೇಲೆ ಎಡವದ ಹಾಗೆ ರಸ್ತೆಯವರೆಗೂ ನಡೆಸಿಕೊಂಡು ಬಂದಳು.

ಮರಳಿ ಬರುವಾಗ ಕಾರಿನಲ್ಲಿ ನನಗೊಂದು ಯೋಚನೆ ಹೊಳೆಯಿತು. ಆ ಡಾಕ್ಟರನಿಗೂ ಯಾರಾದರೂ ಹೀಗೇ ಕೇಳಿಕೊಂಡಿರಬಹುದಲ್ಲವೇ, ಅದಕ್ಕೇ ಅವನು ಊರ ಹೆಸರು ಬಿಟ್ಟಿರಬಹುದಲ್ಲವೇ ಎಂದೆ. ನನಗೆ ಅದು ಬಹಳ ಚೆಂದದ ಊಹೆ ಎನಿಸಿತ್ತು. ಅಕ್ಕ ನಕ್ಕರು. ಹೆಸರು ಮರೆತಿರಬಹುದು, ಜ್ವರ ಬಂದಿರಬಹುದು, ಅಚ್ಚಿನ ಮನೆಯವರು ಒಂದು ಸಾಲು ನುಂಗಿರಬಹುದು, ನಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅವನ ಹೆಸರಿನಲ್ಲಿ ಬರೆಯಬೇಡ ಎಂದರು. ಅವನನ್ನು ಮೆಚ್ಚುವುದಾದರೆ ಅವನ ಹಾಗೆಯೇ ಬರೆಯಬೇಕಲ್ಲ.

ಊರ ಹೆಸರು ಬಿಟ್ಟದ್ದಕ್ಕೆ ಅಕ್ಕ ಬೆಲೆ ತೆರಬೇಕಾಯಿತು. ಡಾಕ್ಟರನ ಟಿಪ್ಪಣಿಗಳ ಮೇಲೆ ಅವರು ಒಂದು ದೊಡ್ಡ ಲೇಖನ ಸಿದ್ಧಪಡಿಸಿದ್ದರು. ಅವರು ಹೇಳಿದರು, ನಾನು ಟೈಪ್ ಮಾಡಿದೆ. ವಿದ್ವಾಂಸರ ಒಂದು ಪತ್ರಿಕೆಯವರು ಬಹಳ ಮೆಚ್ಚಿ, ಕುರುಂದ ಸಿಕ್ಕ ಊರ ಹೆಸರನ್ನು ಮಾತ್ರ ಸೇರಿಸಿ ಕಳಿಸಿ, ಜಾಗ ಹೇಳದ ಶೋಧಕ್ಕೆ ಪುರಾವೆ ಎಲ್ಲಿದೆ ಎಂದು ಬರೆದರು. ಅವರು ಹೇಳಿದ್ದು ತಪ್ಪೇನಲ್ಲ ಎಂದರು ಅಕ್ಕ. ಹಾಗಾದರೆ ಆ ಭಾಗವನ್ನೇ ತೆಗೆದು ಕಳಿಸೋಣ ಎಂದು ನಾನು ಹೇಳಿದೆ. ಕಂಡದ್ದನ್ನು ಕಂಡಿಲ್ಲ ಅನ್ನೋದು ಹೇಗೆ ಎಂದರು. ಒಂದು ದಿನ ಪೂರ್ತಿ ಯೋಚಿಸಿ ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡರು. ಇಡೀ ಬದುಕಿನಲ್ಲಿ ಅವರ ಸ್ವಂತ ಹೆಸರಿನಲ್ಲಿ ಬರಬಹುದಾಗಿದ್ದ ದೊಡ್ಡ ಬರಹ ಅದು. ಅಂದು ಸಂಜೆ ನಮ್ಮ ಮನೆಗೆ ಬರಲಿಲ್ಲ. ನಾನೇ ಹೋದೆ. ಕಲ್ಲುಗಳ ಕೋಣೆಯಲ್ಲಿ ಕೂತಿದ್ದರು. ಇಬ್ಬರೂ ಕಾಫಿ ಕುಡಿದೆವು.

ನಮ್ಮ ಕನ್ನಡದ ಪುಸ್ತಕವನ್ನು ಮಾತ್ರ ಕೊಳ್ಳೇಗಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು ಮಾಡಿಸಿದೆವು. ಡಾಕ್ಟರನ ಟಿಪ್ಪಣಿ ಒಂದು ಕಡೆ, ಅದರ ಎದುರಿನ ಪುಟದಲ್ಲಿ ಈಗ ನಾವು ಕಂಡದ್ದು. ಕುರುಂದದ ಪುಟದಲ್ಲಿ, ಕಲ್ಲು ಸಿಕ್ಕಿದೆ, ಹೊಲದವರ ಮಾತಿಗೆ ಬೆಲೆ ಕೊಟ್ಟು ಊರ ಹೆಸರು ಹೇಳಿಲ್ಲ ಎಂದು ಅಕ್ಕ ಬರೆಸಿದರು. ಪುಸ್ತಕವನ್ನು ಯಳಂದೂರು, ಹನೂರಿನ ಶಾಲೆಗಳಿಗೆ ನಾವೇ ಹಂಚಿದೆವು. ಒಂದು ಪ್ರತಿಯನ್ನು ಆ ಹೊಲದ ಹೆಂಗಸಿಗೆ ಕೊಡಲೇಬೇಕೆಂದು ಅಕ್ಕ ಹಟ ಹಿಡಿದರು. ಆ ಹೊತ್ತಿಗೆ ಅವರಿಗೆ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಡ್ರೈವರು ಅವತ್ತು ಬಾಡಿಗೆ ಬೇಡವೆಂದ.

ಆ ಹೆಂಗಸು ನಮ್ಮನ್ನು ಗುರುತು ಹಿಡಿದಳು. ಜಗುಲಿಯ ಮೇಲೆ ಚಾಪೆ ಹಾಸಿದಳು. ಅವಳಿಗೆ ಓದು ಬಾರದು, ಸೊಸೆಯನ್ನು ಕರೆದು ಕೂರಿಸಿ ಓದಿಸಿದಳು. ಸೊಸೆ ಕುರುಂದದ ಪುಟ ಓದಿದಳು. ಅತ್ತೆ ಇನ್ನೊಂದು ಸಲ ಓದು ಎಂದಳು. ಎರಡನೆಯ ಸಲ ಮುಗಿದ ಮೇಲೆ ಊರ ಹೆಸರು ಇಲ್ಲ ತಾನೆ ಎಂದು ಸೊಸೆಯನ್ನೇ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಡಾಕ್ಟರನ ಪುಟವನ್ನೂ ಓದಿಸಿದಳು. ಅವನು ಜ್ವರದಲ್ಲಿ ಮಲಗಿದ್ದು, ಜನ ಅವನಿಗೆ ಕಲ್ಲು ತಂದು ತೋರಿಸಿದ್ದು, ಎಲ್ಲ. ಕೇಳಿ ಮುಗಿದ ಮೇಲೆ ಅಕ್ಕನ ಕಡೆ ಬಗ್ಗಿದಳು.

"ಆ ಡಾಕ್ಟ್ರಪ್ಪ ಅವರೂರ್ಗ ತಿರ್ಗ ಓದ್ನವ್ವ?"

ನಾವು ಅಷ್ಟು ವರ್ಷ ಅವನ ಜೊತೆಗಿದ್ದೂ, ಅವನು ತನ್ನೂರಿಗೆ ಮರಳಿದನೋ ಇಲ್ಲವೋ ಎಂದು ಕೇಳಿಕೊಂಡಿರಲಿಲ್ಲ. ಗೊತ್ತಿಲ್ಲ ಕಣವ್ವ ಎಂದರು ಅಕ್ಕ. ಅಷ್ಟು ದೂರದಿಂದ ಬರೀ ಕಲ್ಲು ನೋಡಲು ಬಂದವನು, ಊಟಕ್ಕೆ ಏನು ಮಾಡಿಕೊಂಡನೋ ಎಂದು ಆ ಹೆಂಗಸು ತನ್ನಲ್ಲೇ ಹೇಳಿಕೊಂಡು ಒಳಗೆ ಹೋದಳು. ಹುರುಳಿ ಬಸ್ಸಾರು, ಮುದ್ದೆ ಬಂತು. ಸೊಸೆ ಪುಸ್ತಕ ಕೆಳಗಿಡದೆ ಯಳಂದೂರಿನ ಪುಟ ತಿರುವಿ, ಬೆಟ್ಟ ಒಳಗೆ ಕರಿಯದಂತೆ ಕಣತ್ತೆ ಎಂದು ಒಳಕ್ಕೆ ಕೂಗಿ ಹೇಳಿದಳು. ಅಕ್ಕ ಮುದ್ದೆ ಮುರಿಯುತ್ತ ಅವಳ ಓದನ್ನು ಕೇಳಿಸಿಕೊಳ್ಳುತ್ತಿದ್ದರು. ಒಂದು ಕಡೆ ಅವಳು ತಪ್ಪು ಓದಿದಾಗ ತಿದ್ದಿ, ಮುಂದಕ್ಕೆ ಓದಮ್ಮ ಎಂದರು.